ಬಂದೂಕಿನ ಅರ್ಹತೆ: ಅಗತ್ಯವೋ, ಅಂತಸ್ತೋ?

ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಸೈನಿಕರು ಒಂದು ಪ್ರಶ್ನೆ ಕೇಳುವುದುಂಟು. ಹದಿನೈದು ಇಪ್ಪತ್ತು ವರ್ಷ ಹೆಗಲ ಮೇಲೆ ಹೊತ್ತ ರೈಫಲ್ಲಿನಂಥದೇ ಒಂದು ಹಳೆಯ ರೈಫಲ್ಲನ್ನು, ಸರ್ಕಾರ ಬೇಡವೆಂದು ಬದಿಗಿಟ್ಟ ಮೇಲಾದರೂ, ಹಣ ತೆತ್ತು ಕೊಳ್ಳಬಹುದೇ ಎಂಬುದು ಆ ಪ್ರಶ್ನೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ರೈತರ ಪ್ರಶ್ನೆ ತುಸು ಬೇರೆ. ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಹಿಂಡನ್ನು ಬೆದರಿಸಲು ಒಂದು ಸಾದಾ ಬಂದೂಕು ಸಿಕ್ಕೀತೇ ಎಂದು ಅವರು ಕೇಳುತ್ತಾರೆ. ಮೊದಲ ಪ್ರಶ್ನೆಗೆ ನಮ್ಮ ಕಾನೂನಿನ ಉತ್ತರ ‘ಇಲ್ಲ’, ಎರಡನೆಯದಕ್ಕೆ ‘ಹೌದು’. ಆದರೆ ಆಚರಣೆಯಲ್ಲಿ ಎರಡನೆಯ ಪ್ರಶ್ನೆಗೂ ಬಹುಮಟ್ಟಿಗೆ ‘ಇಲ್ಲ’ ಎಂಬ ಉತ್ತರವೇ ದೊರೆಯುತ್ತದೆ. ಸೇನೆಯ ಅನುಭವವೂ ಇಲ್ಲದ, ಹೊಲ ಕಾಯುವ ಕಷ್ಟವೂ ಇಲ್ಲದ ಮೂರನೆಯವನೊಬ್ಬನ ಸೊಂಟದಲ್ಲಿ ಮಾತ್ರ ಪರವಾನಗಿ ಪಡೆದ ಪಿಸ್ತೂಲು ಕಾಣಿಸುತ್ತದೆ. ಕಾನೂನು ಬರೆದ ಅರ್ಹತೆಗೂ ಸಮಾಜ ನಡೆಸುವ ಅರ್ಹತೆಗೂ ನಡುವಿನ ಈ ಅಂತರ ಚರ್ಚೆಗೆ ಯೋಗ್ಯವಾದದ್ದು.

ಸೇನೆಯ ಹಳೆಯ ರೈಫಲ್ಲನ್ನು ನಾಗರಿಕರಿಗೆ ಮಾರುವ ಪದ್ಧತಿ ಜಗತ್ತಿನಲ್ಲಿ ಇಲ್ಲದೇ ಇಲ್ಲ. ಅಮೆರಿಕದಲ್ಲಿ ನಾಗರಿಕರಿಗೆ ಗುರಿಕಾರಿಕೆ ಕಲಿಸುವ ಕಾರ್ಯಕ್ರಮವೊಂದು 1903ರಲ್ಲಿ ಸರ್ಕಾರದ ಆಶ್ರಯದಲ್ಲಿ ಆರಂಭವಾಗಿ, 1996ರಲ್ಲಿ ಸ್ವತಂತ್ರ ಸಂಸ್ಥೆಯ ಕೈಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದ ಎಂ-1 ಗ್ಯಾರಂಡ್ ರೈಫಲ್ಲುಗಳನ್ನು ಅದು ಇಂದಿಗೂ ಮಾರುತ್ತದೆ. ಕೊಳ್ಳುವವನು ಆ ದೇಶದ ಪ್ರಜೆಯಾಗಿರಬೇಕು, ವಯಸ್ಕನಾಗಿರಬೇಕು, ಮಾನ್ಯತೆ ಪಡೆದ ಗುರಿಕಾರರ ಸಂಘದ ಸದಸ್ಯನಾಗಿರಬೇಕು, ರೈಫಲ್ ಬಳಸಲು ಕಲಿತಿದ್ದಾನೆಂಬುದಕ್ಕೆ ದಾಖಲೆ ಒದಗಿಸಬೇಕು, ಅಪರಾಧದ ಹಿನ್ನೆಲೆಯ ತಪಾಸಣೆಯಲ್ಲಿ ಉತ್ತೀರ್ಣನಾಗಬೇಕು. ಬಂದೂಕಿನ ವಿಷಯದಲ್ಲಿ ಅಮೆರಿಕವನ್ನು ಅನುಕರಿಸಬೇಕೆಂದು ವಿವೇಕವುಳ್ಳ ಯಾರೂ ಹೇಳಲಾರರು. ಅಲ್ಲಿ ಬಂದೂಕಿನಿಂದ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬ ಒಂದೇ ಸಂಗತಿ ಸಾಕು. ಆದರೂ ಆ ಕಾರ್ಯಕ್ರಮದ ಅರ್ಹತೆಯ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅದು ಕೊಳ್ಳುವವನ ಆಸ್ತಿಯನ್ನು ಕೇಳುವುದಿಲ್ಲ, ಅವನ ಪ್ರಭಾವವನ್ನು ಕೇಳುವುದಿಲ್ಲ. ಬಂದೂಕು ಬಳಸಲು ಬರುತ್ತದೆಯೇ ಎಂದು ಕೇಳುತ್ತದೆ.

ನಮ್ಮಲ್ಲಿ ಸೇನಾ ರೈಫಲ್ಲಿಗೂ ನಾಗರಿಕನಿಗೂ ನಡುವೆ ಗೋಡೆಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .303 ಅಥವಾ 7.62 ಮಿ.ಮೀ. ಬೋರಿನ ರೈಫಲ್ಲುಗಳು, ಒಟ್ಟಿನಲ್ಲಿ ಸೇನೆಯ ತೋಟಾವನ್ನು ಹಾರಿಸಬಲ್ಲ ರೈಫಲ್ಲುಗಳು, ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಇವುಗಳ ಪರವಾನಗಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ. ಅದು ಕೇಂದ್ರ ಗೃಹ ಸಚಿವಾಲಯಕ್ಕೆ ಸೇರಿದ್ದು. ಜೀವಕ್ಕೆ ಗಂಭೀರ ಬೆದರಿಕೆ ಇರುವಂತಹ ಅಪರೂಪದ ಸಂದರ್ಭಗಳಿಗೆ ಮಾತ್ರ ಅದು ಮೀಸಲು. ಈ ಗೋಡೆಯ ಇತಿಹಾಸವೂ ಕುತೂಹಲಕರವಾಗಿದೆ. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ಸೇನೆಗಾಗಿ ‘ತ್ರೀ ನಾಟ್ ತ್ರೀ’ ತಯಾರಾಗುತ್ತಿತ್ತು. ನಾಗರಿಕರಿಗೆ ಮಾರಲೆಂದು ಅದೇ ಮಾದರಿಯ ರೈಫಲ್ಲನ್ನು .315 ಬೋರಿಗೆ ಹೊಂದಿಸಿ ಸಿದ್ಧಪಡಿಸಲಾಯಿತು. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ತೋಟಾ ಇನ್ನೊಂದಕ್ಕೆ ಹೊಂದುವುದಿಲ್ಲ. ಸೇನೆಯ, ಪೊಲೀಸರ ಉಗ್ರಾಣದಿಂದ ಕದ್ದ ತೋಟಾ ಖಾಸಗಿ ಬಂದೂಕಿನಲ್ಲಿ ಸಿಡಿಯಬಾರದೆಂಬುದೇ ಈ ವ್ಯವಸ್ಥೆಯ ತರ್ಕ. ನಮ್ಮ ಸೇನೆ 1962ರ ಯುದ್ಧದ ಬಳಿಕ .303 ಅನ್ನು ಕೈಬಿಡತೊಡಗಿತು. ಪೊಲೀಸರ ಕೈಯಲ್ಲಿ ಅದು ಇನ್ನೂ ದಶಕಗಳ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. ಹೀಗೆ ನಿವೃತ್ತಿ ಹೊಂದಿದ ರೈಫಲ್ಲುಗಳು ಅಂಗಡಿಯಲ್ಲಿ ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ಸಿಗಬಾರದು ಎಂಬುದೇ ನನ್ನ ಅಭಿಪ್ರಾಯವೂ ಹೌದು.

ಇನ್ನು ನಿರ್ಬಂಧವಿಲ್ಲದ ಬಂದೂಕುಗಳ ವಿಷಯ. ಇಲ್ಲಿ ಕಾನೂನು ಹೇಳುವುದನ್ನು ನಮ್ಮ ಓದುಗರಲ್ಲಿ ಬಹಳಷ್ಟು ಮಂದಿ ಗಮನಿಸಿರಲಾರರು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಜೈಲುಶಿಕ್ಷೆ ಅನುಭವಿಸಿದವನು ಬಿಡುಗಡೆಯಾದ ಐದು ವರ್ಷಗಳವರೆಗೆ ಬಂದೂಕು ಹೊಂದುವಂತಿಲ್ಲ. ಶಾಂತಿಪಾಲನೆಗಾಗಿ ಮುಚ್ಚಳಿಕೆ ಬರೆದುಕೊಟ್ಟವನು ಆ ಅವಧಿಯಲ್ಲಿ ಹೊಂದುವಂತಿಲ್ಲ. ಬುದ್ಧಿ ಸ್ವಾಸ್ಥ್ಯವಿಲ್ಲದವರಿಗೆ ಪರವಾನಗಿ ಇಲ್ಲ. 2016ರ ನಿಯಮಗಳು ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಇಡುವ ವ್ಯವಸ್ಥೆಯ ವಿವರ ಮತ್ತು ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನು ಸೇರಿಸಿವೆ. ಠಾಣಾಧಿಕಾರಿ 30 ದಿನಗಳೊಳಗೆ ವರದಿ ಕೊಡಬೇಕು. ವರದಿ ತಲುಪಿದ 60 ದಿನಗಳೊಳಗೆ ಪರವಾನಗಿ ಪ್ರಾಧಿಕಾರಿ ತೀರ್ಮಾನಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅರ್ಜಿದಾರ ಮೇಲ್ಮನವಿ ಸಲ್ಲಿಸಬಹುದು.

ಇದಕ್ಕಿಂತ ಮುಖ್ಯವಾದ ಎರಡು ಅಂಶಗಳು ಕಾಯ್ದೆಯಲ್ಲೇ ಇವೆ. ಮೊದಲನೆಯದು 13ನೇ ಸೆಕ್ಷನ್ನಿನದು. ಬೆಳೆ ರಕ್ಷಣೆಯ ಪ್ರಾಮಾಣಿಕ ಉದ್ದೇಶಕ್ಕಾಗಿ ಬಾಯಿಮದ್ದಿನ ಬಂದೂಕು ಕೇಳಿದವನಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಉದ್ದ ನಳಿಗೆಯ ಸಾದಾ ಬಂದೂಕು ಕೇಳುವವನಿಗೂ ಇದೇ ನ್ಯಾಯ. ಆದರೆ ಪಿಸ್ತೂಲು, ರಿವಾಲ್ವರ್ ಮತ್ತು ದೊಡ್ಡ ಬೋರಿನ ರೈಫಲ್ಲುಗಳಿಗೆ ‘ಸಮರ್ಪಕ ಕಾರಣ’ ಇದೆಯೆಂದು ಪ್ರಾಧಿಕಾರಿಗೆ ಮನವರಿಕೆಯಾಗಬೇಕು. ಅಂದರೆ ರೈತನ ನಾಡಬಂದೂಕಿಗೆ ದಾರಿ ಸುಗಮ, ಸೊಂಟದ ಪಿಸ್ತೂಲಿಗೆ ದುರ್ಗಮ ಆಗಿರಬೇಕೆಂಬುದು ಶಾಸನದ ಆಶಯ. ಎರಡನೆಯದು 14ನೇ ಸೆಕ್ಷನ್ನಿನದು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಬಡವನ ಜೀವಕ್ಕೂ ಬೆಲೆಯಿದೆ, ಅವನ ಬೆಳೆಗೂ ಬೆಲೆಯಿದೆ ಎಂದು ಸ್ವತಂತ್ರ ಭಾರತದ ಸಂಸತ್ತು ಒಪ್ಪಿದ್ದರ ಕುರುಹು ಆ ಒಂದು ವಾಕ್ಯ.

ಆದರೆ ಆಚರಣೆ ಈ ಆಶಯವನ್ನು ತಲೆಕೆಳಗು ಮಾಡಿದೆ. ಕಂದಾಯ ಆಡಳಿತದಲ್ಲಿದ್ದ ವರ್ಷಗಳಲ್ಲಿ ಇಂತಹ ಕಡತಗಳನ್ನು ಸಾಕಷ್ಟು ನೋಡಿದ್ದೇನೆ. ಪಿಸ್ತೂಲಿನ ಅರ್ಜಿ ದಪ್ಪನೆಯದಾಗಿರುತ್ತಿತ್ತು. ಕಾರಣದ ಕಲಮಿನಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಪದ. ಯಾರಿಂದ, ಎಂದಿನಿಂದ, ಯಾವ ಬಗೆಯ ಬೆದರಿಕೆ ಎಂಬ ವಿವರವಿಲ್ಲ. ಬದಲಿಗೆ ಪಹಣಿಗಳು, ಆದಾಯ ತೆರಿಗೆಯ ದಾಖಲೆಗಳು, ಗಣ್ಯರ ಶಿಫಾರಸು ಪತ್ರಗಳು. ಕಾನೂನು ಕೇಳದ ದಾಖಲೆಗಳೆಲ್ಲ ಇದ್ದು, ಕೇಳುವ ಕಾರಣ ಮಾತ್ರ ಇರುತ್ತಿರಲಿಲ್ಲ. ಇಂತಹ ಕಡತಕ್ಕೆ ಕಾಲು ಬಂದಿರುತ್ತಿತ್ತು. ರೈತನ ಅರ್ಜಿ ಒಂದೋ ಎರಡೋ ಹಾಳೆಯದು. ಹಂದಿ ಎಷ್ಟು ಎಕರೆ ಹಾಳು ಮಾಡಿತು, ಯಾವ ತಿಂಗಳಲ್ಲಿ ಬರುತ್ತದೆ, ಹೊಲ ಹಳ್ಳದ ದಂಡೆಗಿದೆಯೋ ಗುಡ್ಡದ ಮಗ್ಗುಲಿಗಿದೆಯೋ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಅದು ‘ಠಾಣೆಯ ವರದಿ ನಿರೀಕ್ಷಿಸಲಾಗಿದೆ’ ಎಂಬ ಷರಾದೊಂದಿಗೆ ತಿಂಗಳುಗಟ್ಟಲೆ ಮಲಗಿರುತ್ತಿತ್ತು. ನಿರಾಕರಣೆಯ ಆದೇಶ ಹೊರಟಿದ್ದರೆ ಆತ ಮೇಲ್ಮನವಿಯನ್ನಾದರೂ ಸಲ್ಲಿಸಬಹುದಿತ್ತು. ಆದೇಶವೇ ಹೊರಡದ ಅರ್ಜಿಗೆ ಮೇಲ್ಮನವಿ ಎಲ್ಲಿಯದು?

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಥಾರ್‌ಸ್ಟೀನ್ ವೆಬ್ಲೆನ್ ಎಂಬ ಪಂಡಿತನ ಪರಿಚಯವಿರುತ್ತದೆ. ಕೆಲವು ಸರಕುಗಳನ್ನು ಜನ ಉಪಯೋಗಕ್ಕಾಗಿ ಕೊಳ್ಳುವುದಿಲ್ಲ, ತೋರಿಸಿಕೊಳ್ಳಲು ಕೊಳ್ಳುತ್ತಾರೆ ಎಂದು ಆತ 1899ರಷ್ಟು ಹಿಂದೆಯೇ ವಿವರಿಸಿದ. ನಮ್ಮಲ್ಲಿ ಪರವಾನಗಿ ಪಡೆದ ಪಿಸ್ತೂಲು ಆ ಜಾತಿಯ ಸರಕಾಗಿದೆ. ಹಣವಿದ್ದವರೆಲ್ಲ ಕೊಳ್ಳಬಹುದಾದ ಕಾರಿಗಿಂತ, ಸರ್ಕಾರದ ಅನುಮತಿಯಿಂದ ಮಾತ್ರ ದೊರೆಯುವ ಆಯುಧ ಹೆಚ್ಚಿನ ಪ್ರತಿಷ್ಠೆಯನ್ನು ತರುತ್ತದೆ. ಮದುವೆಯ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ, ಚುನಾವಣೆ ಗೆದ್ದ ಸಂಭ್ರಮದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಚಟ ಹುಟ್ಟುವುದೂ ಈ ಪ್ರತಿಷ್ಠೆಯಿಂದಲೇ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕಷ್ಟೆ. ಇಂತಹ ಗುಂಡಿಗೆ ಅಮಾಯಕರು ಬಲಿಯಾದ ಮೇಲೆ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದವರಿಗೆ ಎರಡು ವರ್ಷಗಳವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲಾಯಿತು. ಒಬ್ಬನಿಗೆ ಮೂರು ಬಂದೂಕು ಎಂಬ ಮಿತಿ ಎರಡಕ್ಕೆ ಇಳಿಯಿತು. ಅದೇ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿತು. ಗಣ್ಯರ ಮೋಹಕ್ಕೆ ಇನ್ನೊಂದು ನಿದರ್ಶನವೂ ಉಂಟು. ಸುಂಕ ಇಲಾಖೆ ವಶಪಡಿಸಿಕೊಂಡ ವಿದೇಶಿ ಬಂದೂಕುಗಳನ್ನು ಸಂಸತ್ ಸದಸ್ಯರೂ ಸೇರಿದಂತೆ ಆಯ್ದ ಕೆಲವರಿಗೆ ಮಾರುವ ಪದ್ಧತಿ ಬಹುಕಾಲ ನಡೆದಿತ್ತು. ಸೈನಿಕನಿಗೆ ಮುಚ್ಚಿದ್ದ ಬಾಗಿಲಿನ ಪಕ್ಕದಲ್ಲಿ ಹೀಗೊಂದು ಕಿಟಕಿ ತೆರೆದಿತ್ತು.

ಈ ಮಾತುಗಳನ್ನು ಸುರಪುರದ ಸೀಮೆಯನ್ನು ಎದುರಿಗಿಟ್ಟುಕೊಂಡು ಆಡಲು ಕಾರಣವಿದೆ. ಬಂದೂಕು ಈ ನೆಲದ ಚರಿತ್ರೆಯ ಭಾಗ. ಔರಂಗಜೇಬ ತಾನೇ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ 1705ರಲ್ಲಿ ಸುರಪುರಕ್ಕೆ ಸಮೀಪದ ವಾಗಿನಗೇರಿಯ ಮೇಲೆ ನಡೆಯಿತು. ಮೊಗಲರ ದೊಡ್ಡ ದಂಡನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರು ಪೀಡ ನಾಯಕನ ಬೇಡರು. ಕೋವಿಯ ಗುರಿಗೆ ಹೆಸರಾದವರು. ಒಂದೂವರೆ ಶತಮಾನದ ಬಳಿಕ, 1857ರಲ್ಲಿ, ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಪ್ರಜೆಗಳ ಆಯುಧಗಳನ್ನು ಕಸಿಯಲು ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಬಂಡೆದ್ದರು. ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಮರುವರ್ಷದ ಫೆಬ್ರುವರಿಯಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕ ಕಂಪನಿಯ ಸೇನೆಯೊಂದಿಗೆ ಕಾದಿ ಸೋತರು. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆಯನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಚರಿತ್ರೆಯಲ್ಲಿ ಆ ದುರಂತವನ್ನು ದಾಖಲಿಸಿದ್ದಾನೆ. ಸೆರೆಯಾದ ದೊರೆ ದಾರಿಯಲ್ಲೇ ಗುಂಡಿಗೆ ಬಲಿಯಾದರು. ಸಂಸ್ಥಾನ 1860ರಲ್ಲಿ ನಿಜಾಮನ ಕೈಸೇರಿತು.

ಇದೇ ರಾಜ್ಯದ ಕೊಡಗಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದದ್ದು. ಅಲ್ಲಿನ ಕೊಡವರಿಗೆ 1861ರಲ್ಲಿ ಶಸ್ತ್ರ ಕಾನೂನಿನಿಂದ ವಿನಾಯಿತಿ ದೊರೆಯಿತು. ಇಂದಿಗೂ ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು ನಿಗದಿತ ಬಂದೂಕುಗಳನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೊಡವರ ಪರಂಪರೆಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಅವರ ಮನೆಗಳಲ್ಲಿ ಬಂದೂಕು ಪೂಜೆಯ ವಸ್ತು, ಹೊಣೆಗಾರಿಕೆಯ ವಸ್ತು. ಸುರಪುರದ ಬೇಡರಿಗೂ ಅಂತಹುದೇ ವಿನಾಯಿತಿ ಬೇಕೆಂದೂ ನಾನು ಕೇಳಲಾರೆ. ಕುಲದ ಆಧಾರದ ಮೇಲೆ ಆಯುಧದ ಹಕ್ಕನ್ನು ಹಂಚತೊಡಗಿದರೆ ಅದಕ್ಕೆ ಕೊನೆಯಿಲ್ಲ. ನಾನು ಹೇಳುವುದು ಇಷ್ಟೇ: ಆಯುಧಕ್ಕೆ ಯಾರು ಅರ್ಹರು ಎಂಬುದನ್ನು ಅಂದು ತೀರ್ಮಾನಿಸಿದ್ದು ಪ್ರಭುತ್ವಕ್ಕೆ ಯಾರು ಹತ್ತಿರ, ಯಾರು ದೂರ ಎಂಬ ಲೆಕ್ಕಾಚಾರ. ಇಂದೂ ಅದೇ ಲೆಕ್ಕಾಚಾರ ಬೇರೆ ವೇಷದಲ್ಲಿ ಮುಂದುವರಿಯುವುದಾದರೆ 1959ರಲ್ಲಿ ಹೊಸ ಕಾಯ್ದೆ ಮಾಡಿದ್ದರಿಂದ ಬಂದ ಭಾಗ್ಯವೇನು?

ಹಾಗೆಂದು ಬಂದೂಕು ಎಲ್ಲರ ಹಕ್ಕಾಗಲಿ ಎನ್ನುವ ವಾದವನ್ನೂ ಒಪ್ಪಲಾಗದು. ಆಯುಧ ಹೊಂದುವ ಹಕ್ಕಿನ ಮಾತು 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿತ್ತು. ನಿಶ್ಶಸ್ತ್ರರಾಗಿ ಬದುಕಿದ ಜನರ ಸ್ವಾಭಿಮಾನದ ಕೂಗು ಅದು. ಆದರೆ 1948ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ಮಂಡಿಸಿದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ, ಸಭೆ ಅದನ್ನು ಕೈಬಿಟ್ಟಿತು. ಆ ತೀರ್ಮಾನದ ವಿವೇಕವನ್ನು ಯಾದಗಿರಿಯ ಹಿರಿಯರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಖಾಸಗಿ ಪಡೆಯೊಂದರ ಕೈಗೆ ಆಯುಧ ಸೇರಿದರೆ ಏನಾಗುತ್ತದೆಂಬುದನ್ನು ಹೈದರಾಬಾದ್ ಸಂಸ್ಥಾನದ ಈ ಭಾಗ ರಜಾಕಾರರ ಕಾಲದಲ್ಲಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ, ಕಣ್ಣಾರೆ ಕಂಡಿತ್ತು. ‘ಭೀಮಾ ತೀರ’ ಎಂಬ ಸುಂದರ ಹೆಸರು ಕಂಟ್ರಿ ಪಿಸ್ತೂಲು ಮತ್ತು ಹಗೆಯ ಕೊಲೆಗಳಿಗೆ ಅಂಟಿಕೊಂಡದ್ದನ್ನು ನಂತರದ ತಲೆಮಾರು ಕಂಡಿದೆ. ದೇಶದಲ್ಲಿ ಗುಂಡಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧಗಳಿಂದಲೇ ಆಗುತ್ತವೆ. ಆದ್ದರಿಂದ ಪರವಾನಗಿಯನ್ನು ಬಿಗಿಗೊಳಿಸಿದ ಮಾತ್ರಕ್ಕೆ ಹಿಂಸೆ ನಿಲ್ಲುವುದಿಲ್ಲ. ಸಡಿಲಗೊಳಿಸಿದ ಮಾತ್ರಕ್ಕೆ ಸಜ್ಜನರು ಸುರಕ್ಷಿತರಾಗುವುದೂ ಇಲ್ಲ. ಪರವಾನಗಿ ನ್ಯಾಯವಾದ ಕೈಗೆ ಸೇರುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ನ್ಯಾಯವಾದ ಕೈಗಳು ಯಾವುವು? ನನ್ನ ದೃಷ್ಟಿಯಲ್ಲಿ ಎರಡು. ಒಂದು, ಬೆಳೆ ಕಾಯುವ ಕೈ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಒಂದು ಭಾಗ ಭತ್ತದ ಬಯಲಾಗಿದೆ. ಕಾಲುವೆ ಏರದ ಮಡ್ಡಿ ಹೊಲಗಳಲ್ಲಿ ಇಂದಿಗೂ ಜೋಳ, ತೊಗರಿ, ಶೇಂಗಾ. ಗುಡ್ಡ ಹಳ್ಳಗಳ ಮಗ್ಗುಲಿನ ಇಂತಹ ಹೊಲಗಳಲ್ಲಿ ರೈತರು ರಾತ್ರಿಯಿಡೀ ಅಟ್ಟಣಿಗೆಯ ಮೇಲೆ ಕೂತು ಡಬ್ಬಿ ಬಡಿಯುತ್ತಾರೆ, ಪಟಾಕಿ ಸುಡುತ್ತಾರೆ, ಹಳೆಯ ಸೀರೆಗಳಿಂದ ಬೇಲಿ ಕಟ್ಟುತ್ತಾರೆ. ಕಳ್ಳ ವಿದ್ಯುತ್ ತಂತಿ ಎಳೆದು ಹಂದಿಯ ಬದಲು ಮನುಷ್ಯರೇ ಸತ್ತ ಪ್ರಸಂಗಗಳು ನಾಡಿನಲ್ಲಿ ಅನೇಕ. ಕಾನೂನುಬದ್ಧ ಉಪಾಯ ಕೈಗೆಟುಕದಿದ್ದಾಗ ಮನುಷ್ಯ ಹಿಡಿಯುವ ಅಡ್ಡದಾರಿ ಇದು.

ಆದರೆ ಇಲ್ಲೊಂದು ತೊಡಕಿದೆ. ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ನೀಡಬೇಕು. ಮೊದಲನೆಯ ಅನುಸೂಚಿಯಲ್ಲಿರುವ ಕೃಷ್ಣಮೃಗ ಎಷ್ಟೇ ಬೆಳೆ ತಿಂದರೂ ಬೆಳೆಯ ಕಾರಣಕ್ಕೆ ಅದನ್ನು ಕೊಲ್ಲುವಂತಿಲ್ಲ, ಕೊಲ್ಲಬಾರದು ಕೂಡ. ಹೀಗಾಗಿ ರೈತನೊಬ್ಬ ಎರಡು ಇಲಾಖೆಗಳ ಎರಡು ಬಾಗಿಲು ತಟ್ಟಬೇಕು. ಒಂದು ತೆರೆದರೆ ಇನ್ನೊಂದು ಮುಚ್ಚಿರುತ್ತದೆ. ಇದಕ್ಕೆ ಕೇರಳ ಒಂದು ದಾರಿ ಹುಡುಕಿತು. ಊರೊಳಗೆ ನುಗ್ಗುವ ಕಾಡುಹಂದಿಗಳ ಬಗ್ಗೆ ತೀರ್ಮಾನಿಸುವ ಅಧಿಕಾರವನ್ನು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿ, ಪರವಾನಗಿ ಹೊಂದಿದ ಗುರಿಕಾರರನ್ನು ಬಳಸಿಕೊಳ್ಳುವ ವ್ಯವಸ್ಥೆ ಮಾಡಿತು. ಆ ಮಾದರಿಯ ಗುಣದೋಷಗಳ ಚರ್ಚೆ ನಡೆಯಲಿ. ಆದರೆ ಪ್ರತಿ ರೈತನ ಮನೆಯಲ್ಲೂ ಬಂದೂಕು ಇರಬೇಕಿಲ್ಲ, ಊರಿಗೆ ಒಬ್ಬಿಬ್ಬರು ನುರಿತ ಜವಾಬ್ದಾರರಿದ್ದರೆ ಸಾಕು ಎಂಬ ಅದರ ತತ್ವ ನನಗೆ ಸರಿಯೆನಿಸುತ್ತದೆ. ಸಾಲದ ಹೊರೆ, ಬರದ ಚಿಂತೆಗಳಿರುವ ಮನೆಯಲ್ಲಿ ಗುಂಡು ತುಂಬಿದ ಬಂದೂಕು ಗೋಡೆಗೆ ಒರಗಿರುವುದು ಒಳ್ಳೆಯದಲ್ಲ. ಕ್ರಿಮಿನಾಶಕದ ಡಬ್ಬಿ ಕೈಗೆ ಸಿಗುವಂತಿದ್ದುದರಿಂದಲೇ ಎಷ್ಟು ಜೀವಗಳು ಹೋದವೆಂಬುದನ್ನು ಬಲ್ಲ ನಾಡು ನಮ್ಮದು.

ಎರಡನೆಯದು, ಮಾಜಿ ಸೈನಿಕನ ಕೈ. ಇವರಲ್ಲಿ ಅನೇಕರಿಗೆ ಬಂದೂಕಿನ ಪರವಾನಗಿ ಪ್ರತಿಷ್ಠೆಯ ವಸ್ತುವಲ್ಲ, ಅನ್ನದ ದಾರಿ. ಬ್ಯಾಂಕುಗಳ ಕಾವಲಿಗೆ, ಹಣ ಸಾಗಿಸುವ ವಾಹನಗಳ ರಕ್ಷಣೆಗೆ ಸ್ವಂತ ಬಂದೂಕು ಮತ್ತು ಪರವಾನಗಿ ಇದ್ದವರಿಗೆ ಬೇಡಿಕೆ ಇದೆ. ಕೋಲು ಹಿಡಿದ ಕಾವಲುಗಾರನ ಸಂಬಳಕ್ಕೂ ಬಂದೂಕು ಹಿಡಿದವನ ಸಂಬಳಕ್ಕೂ ವ್ಯತ್ಯಾಸವಿದೆ. ಮೂವತ್ತೈದು ನಲವತ್ತರ ವಯಸ್ಸಿಗೆ ಪಿಂಚಣಿ ಪಡೆದು ಬಂದ ಜವಾನನಿಗೆ ಪರವಾನಗಿ ಆರು ತಿಂಗಳು ತಡವಾದರೆ ಆರು ತಿಂಗಳ ವೇತನ ನಷ್ಟ. ಇವರಿಗೆ ಬೇಕಾದದ್ದು ಸೇನೆಯ ರೈಫಲ್ ಅಲ್ಲ, ಹನ್ನೆರಡು ಬೋರಿನ ಸಾದಾ ಬಂದೂಕು. ಆಯುಧ ಬಳಕೆಯಲ್ಲಿ ಇವರಿಗಿಂತ ಹೆಚ್ಚು ನುರಿತವರು ಊರಿನಲ್ಲಿ ಇರಲಾರರು. ಅಗತ್ಯ, ಸಾಮರ್ಥ್ಯ, ಶಿಸ್ತು ಮೂರೂ ಇರುವ ಅರ್ಜಿದಾರ ಸರದಿಯಲ್ಲಿ ಹಿಂದೆ ನಿಲ್ಲುವುದು, ಮೂರೂ ಇಲ್ಲದವನು ಮುಂದೆ ಹೋಗುವುದು ಆಡಳಿತಕ್ಕೆ ಶೋಭೆಯಲ್ಲ.

ಪರಿಹಾರಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಇರುವ ಕಾನೂನನ್ನು ಅದು ಬರೆದಿರುವಂತೆಯೇ ನಡೆಸಿದರೆ ಸಾಕು. ಮೊದಲನೆಯದಾಗಿ, ಕಾರಣದ ಕಲಮನ್ನು ಗಂಭೀರವಾಗಿ ಓದಬೇಕು. ಪಿಸ್ತೂಲು, ರಿವಾಲ್ವರ್ ಕೇಳುವವರು ಬೆದರಿಕೆಯ ವಿವರ ಕೊಡಬೇಕು. ಠಾಣೆಯ ವರದಿ ‘ಆಕ್ಷೇಪಣೆ ಇಲ್ಲ’ ಎಂಬ ಎರಡು ಪದಗಳಲ್ಲಿ ಮುಗಿಯದೆ ಆ ವಿವರವನ್ನು ಪರಿಶೀಲಿಸಿರಬೇಕು. ಎರಡನೆಯದಾಗಿ, ಐದು ವರ್ಷಕ್ಕೊಮ್ಮೆ ಬರುವ ನವೀಕರಣವನ್ನು ಶುಲ್ಕ ಕಟ್ಟಿಸಿಕೊಂಡು ಮೊಹರು ಒತ್ತುವ ಕೆಲಸವಾಗಿಸದೆ, ಮೊದಲು ಹೇಳಿದ ಕಾರಣ ಇನ್ನೂ ಉಳಿದಿದೆಯೇ ಎಂದು ಕೇಳುವ ಸಂದರ್ಭವಾಗಿಸಬೇಕು. ಬೆದರಿಕೆ ತೀರಿದ್ದರೆ ಬಂದೂಕೂ ತೀರಬೇಕು.

ಮೂರನೆಯದಾಗಿ, ತರಬೇತಿ ಹಳ್ಳಿಗೆ ಹತ್ತಿರವಾಗಬೇಕು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವ ಒಳ್ಳೆಯ ಸಂಪ್ರದಾಯ ನಮ್ಮ ರಾಜ್ಯದಲ್ಲಿದೆ. 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದದ್ದು ಆಡಳಿತ ಜನರ ಹತ್ತಿರ ಬರಲೆಂದು. ಶಹಾಪುರ, ಸುರಪುರ, ಹುಣಸಗಿಗಳಲ್ಲಿ ವರ್ಷಕ್ಕೊಮ್ಮೆ ಇಂತಹ ಶಿಬಿರ ನಡೆಸಿ, ಮಾಜಿ ಸೈನಿಕರನ್ನೇ ಬೋಧಕರನ್ನಾಗಿ ಬಳಸಿಕೊಂಡರೆ ಪ್ರಮಾಣಪತ್ರಕ್ಕಾಗಿ ಯಾರೂ ದೂರದ ಊರಿಗೆ ಅಲೆಯಬೇಕಾಗುವುದಿಲ್ಲ. ಹಣ ಕೊಟ್ಟು ಕಾಗದ ತರುವ ದಂಧೆಗೂ ಆಸ್ಪದವಿರುವುದಿಲ್ಲ. ನಾಲ್ಕನೆಯದಾಗಿ, ಬೆಳೆ ಹಾನಿ ಹೆಚ್ಚಿರುವ ಹಳ್ಳಿಗಳನ್ನು ಕಂದಾಯ, ಅರಣ್ಯ, ಪೊಲೀಸ್ ಇಲಾಖೆಗಳು ಒಟ್ಟಿಗೆ ಕೂತು ಗುರುತಿಸಿ, ಅಲ್ಲಿನ ಅರ್ಜಿಗಳನ್ನು ಒಂದೇ ಬಾಗಿಲಲ್ಲಿ ತೀರ್ಮಾನಿಸಬೇಕು. ಬಂದೂಕು ಕೊಡುವುದಾದರೆ ಕೊಡಲಿ; ಕೊಡದಿದ್ದರೆ ಬೆಳೆ ಪರಿಹಾರವನ್ನಾದರೂ ತಡವಿಲ್ಲದೆ ಕೊಡಲಿ. ಎರಡನ್ನೂ ಕೊಡದೆ ರೈತನಿಗೆ ಡಬ್ಬಿ ಬಡಿಯಲು ಹೇಳುವುದು ನ್ಯಾಯವಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕ. ಪ್ರತಿ ಜಿಲ್ಲಾಧಿಕಾರಿ ವರ್ಷಕ್ಕೊಮ್ಮೆ ಒಂದು ಪುಟದ ಪಟ್ಟಿ ಪ್ರಕಟಿಸಲಿ. ಎಷ್ಟು ಅರ್ಜಿ ಬಂದವು, ಯಾವ ಉದ್ದೇಶಕ್ಕೆ ಬಂದವು, ಎಷ್ಟು ಮಂಜೂರಾದವು, ಎಷ್ಟು ನಿರಾಕೃತವಾದವು, ಅವಧಿ ಮೀರಿ ಎಷ್ಟು ಉಳಿದಿವೆ ಎಂಬ ಐದು ಅಂಕಣಗಳು ಸಾಕು. ಯಾರ ಹೆಸರೂ ಬೇಡ; ಸುರಕ್ಷತೆಯ ದೃಷ್ಟಿಯಿಂದ ಹೆಸರು ಇರಲೂ ಬಾರದು. ಈಗ ಪ್ರತಿ ಪರವಾನಗಿಗೂ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇರುವುದರಿಂದ ಇಂತಹ ಪಟ್ಟಿ ತಯಾರಿಸುವುದು ಗುಮಾಸ್ತರೊಬ್ಬರ ಒಂದು ದಿನದ ಕೆಲಸ. ಬೆಳೆ ರಕ್ಷಣೆಯ ಅರ್ಜಿಗಳು ಕೊಳೆಯುತ್ತಿದ್ದು, ‘ಆತ್ಮರಕ್ಷಣೆ’ಯ ಪಿಸ್ತೂಲುಗಳು ಓಡುತ್ತಿದ್ದರೆ ಆ ಒಂದು ಪುಟದಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಕಾಣುವಂತಾದ ಅನ್ಯಾಯ ಬಹುಕಾಲ ಉಳಿಯುವುದಿಲ್ಲ ಎಂಬುದು ಆಡಳಿತದಲ್ಲಿ ನಾನು ಕಲಿತ ಪಾಠ.

ಸೇನೆಯ ರೈಫಲ್ಲು ಸೇನೆಯದ್ದಾಗಿಯೇ ಉಳಿಯಲಿ. ಆ ಗೋಡೆಯಲ್ಲಿ ಗಣ್ಯರಿಗೆಂದು ಕಿಟಕಿಯೂ ಬೇಡ. ಉಳಿದ ಬಂದೂಕುಗಳ ವಿಷಯದಲ್ಲಿ ಸರ್ಕಾರ ಕೇಳಬೇಕಾದ ಪ್ರಶ್ನೆಗಳು ಮೂರೇ: ನಿಮಗೆ ಇದು ಏಕೆ ಬೇಕು, ಬಳಸಲು ಬರುತ್ತದೆಯೇ, ಜೋಪಾನವಾಗಿ ಇಟ್ಟುಕೊಳ್ಳಬಲ್ಲಿರಾ? ನಿಮಗೆ ಎಷ್ಟು ಎಕರೆ ಇದೆ, ಯಾರು ಗೊತ್ತು ಎಂಬ ಪ್ರಶ್ನೆಗಳನ್ನು ಸಂಸತ್ತು 1959ರಲ್ಲೇ ಅರ್ಜಿಯಿಂದ ಹೊಡೆದುಹಾಕಿದೆ. ಅವನ್ನು ಕಚೇರಿಗಳಿಂದ ಹೊಡೆದುಹಾಕುವ ಕೆಲಸ ಇನ್ನೂ ಬಾಕಿ ಇದೆ.